ಹವಳದ ದಿಬ್ಬಗಳೂ ಮುಳುಗುವ ಸ್ವಯಂಸೇವಕರೂ

ಕಳಸದ ಪಕ್ಕದಲ್ಲಿ ಹರಿಯುವ ಭದ್ರೆಯು ಪಡುಗಡಲಿಗೆ ಅಷ್ಟೇನೂ ದೂರವಲ್ಲದ ಗಂಗಾಮೂಲದಲ್ಲಿ ಹುಟ್ಟಿಯೂ ಆ ಕಡಲಿನತ್ತ ಒಮ್ಮೆಯೂ ತಿರುಗದೆ, ಕೂಡಲಿಯಲ್ಲಿ ತುಂಗೆಯನ್ನು ಕೂಡಿಕೊಂಡು, ಕೃಷ್ಣೆಯಲ್ಲಿ ಬೆರೆತು, ಪೂರ್ವಸಮುದ್ರವನ್ನು ಸೇರತಕ್ಕ ನದಿಯಾದುದರಿಂದ, ಹವಳದ ದಿಬ್ಬಗಳ ವಿಚಾರವನ್ನು ಈ ಬೆಟ್ಟಗಳ ನಡುವೆ ಕುಳಿತು ಬರೆಯಹೊರಟವನ ಅಧಿಕಾರವನ್ನು ಯಾರಾದರೂ ಪ್ರಶ್ನಿಸಿದರೆ ಅದು ಅನುಚಿತವೆನಿಸದು. ಆದರೂ ಕಾಫಿಸೀಮೆಗೂ ಹವಳದ ಕಡಲಿಗೂ ಸಂಬಂಧವೇ ಇಲ್ಲವೆನ್ನುವಂತಿಲ್ಲ. ಮೂಡಿಗೆರೆಯ ತೋಟದಲ್ಲಿ ನೆಲೆಸಿದ್ದ ಪೂರ್ಣಚಂದ್ರ ತೇಜಸ್ವಿಯವರು ಅಂಡಮಾನಿಗೆ ಹೋಗಿಬಂದು ಅದರ ಕಥನವನ್ನು ಬರೆದಂದಿನಿಂದ, ಕಡಲೆಂದರೆ ಮಲ್ಪೆಯ ಮರಳು ಎಂದಷ್ಟೇ ತಿಳಿದಿದ್ದ ನಮ್ಮ ಕಡೆಯ ಅನೇಕರಿಗೆ ಆ ದ್ವೀಪಗಳ ಮೇಲೊಂದು ಕುತೂಹಲ ಹುಟ್ಟಿತು. ಈಚೆಗಂತೂ ಬೆಂಗಳೂರಿನ ಉದ್ಯೋಗಗಳಲ್ಲಿರುವ ತೋಟದ ಮನೆಗಳ ತರುಣ ತರುಣಿಯರು ರಜೆ ದೊರೆತಾಗ ಮುರುಡೇಶ್ವರಕ್ಕೆ ಹೋಗಿ, ನೇತ್ರಾಣಿಯ ನೀರಿನಲ್ಲಿ ಸ್ಕೂಬಾ ಕಲಿತು, ಅಷ್ಟಕ್ಕೇ ತೃಪ್ತರಾಗದೆ ಅಂಡಮಾನಿಗೋ ಇಂಡೊನೇಷ್ಯಾಕ್ಕೋ ಹೋಗಿ ಹವಳದ ರಕ್ಷಣೆಗಾಗಿ ಕೆಲವು ವಾರ ಸ್ವಯಂಸೇವೆ ಮಾಡಿಬರುವ ಮಾತನ್ನು ಆಡತೊಡಗಿದ್ದಾರೆ. ಮನೆಯ ಹಿರಿಯರು ಇದನ್ನು ದುಬಾರಿಯ ವಿಹಾರವೆಂದು ಬಗೆಯುತ್ತಾರೆ. ಕಿರಿಯರು ಲೋಕೋಪಕಾರವೆಂದು ಬಗೆಯುತ್ತಾರೆ. ಇವರಿಬ್ಬರಲ್ಲಿ ಯಾರ ಮಾತು ಎಷ್ಟರಮಟ್ಟಿಗೆ ನಿಜವೆಂಬುದನ್ನು ವಿಚಾರಿಸುವುದೇ ಇಲ್ಲಿಯ ಉದ್ದೇಶ.

ಹವಳವೆಂದೊಡನೆ ನಮ್ಮ ಹೆಣ್ಣುಮಕ್ಕಳ ಕೊರಳಿನ ಕೆಂಪು ಮಣಿಯ ನೆನಪಾಗುವುದು ಸಹಜ. ಆ ಮಣಿ ಬಹುಮಟ್ಟಿಗೆ ಮೆಡಿಟರೇನಿಯನ್ ಸಮುದ್ರದ ಮಬ್ಬಿನಲ್ಲಿ ಬೆಳೆಯತಕ್ಕ ಬೇರೊಂದು ಕುಲಕ್ಕೆ ಸೇರಿದುದು. ದಿಬ್ಬ ಕಟ್ಟುವ ಸಾಮರ್ಥ್ಯ ಅದಕ್ಕಿಲ್ಲ. ಉಷ್ಣವಲಯದ ಕಡಲುಗಳಲ್ಲಿ ದಿಬ್ಬಗಳನ್ನು ನಿರ್ಮಿಸುವುದು ಅಂಗೈಯಲ್ಲಿ ನೂರಾರು ಹಿಡಿಸುವಷ್ಟು ಸಣ್ಣದಾದ, ಮೈಯೆಲ್ಲ ಮೃದುವಾದ ಒಂದು ಪ್ರಾಣಿ. ಅದು ನೀರಿನಿಂದ ಸುಣ್ಣದ ಅಂಶವನ್ನು ಹೀರಿ ತನ್ನ ಅಡಿಯಲ್ಲಿ ಕಲ್ಲಿನಂತಹ ಬಟ್ಟಲನ್ನು ಕಟ್ಟಿಕೊಳ್ಳುತ್ತದೆ. ಅದರ ಮಾಂಸದೊಳಗೆ ವಾಸಿಸುವ ಸೂಕ್ಷ್ಮ ಪಾಚಿಯು ಸೂರ್ಯನ ಬೆಳಕಿನಿಂದ ಆಹಾರವನ್ನು ತಯಾರಿಸಿ ಅದರ ಬಹುಭಾಗವನ್ನು ತನಗೆ ಆಶ್ರಯವಿತ್ತ ಪ್ರಾಣಿಗೆ ಒಪ್ಪಿಸುತ್ತದೆ. ಬಂಡೆಯಾಕಾರದ ಹವಳಗಳು ವರ್ಷಕ್ಕೆ ಒಂದು ಸೆಂಟಿಮೀಟರಿನ ಆಸುಪಾಸಿನಲ್ಲಿ ಬೆಳೆದರೆ, ಕೊಂಬೆಯಾಕಾರದವು 10 ಸೆಂಟಿಮೀಟರ್ ಅಥವಾ ಅದಕ್ಕೂ ಮಿಗಿಲಾಗಿ ಬೆಳೆಯುತ್ತವೆ. ಸಮುದ್ರತಲದಲ್ಲಿ ಶೇಕಡ ಒಂದನ್ನೂ ಆಕ್ರಮಿಸದ ಈ ದಿಬ್ಬಗಳು ಕಡಲಿನ ಜೀವಜಾತಿಗಳಲ್ಲಿ ಸುಮಾರು ಕಾಲುಭಾಗಕ್ಕೆ ನೆಲೆಯಾಗಿವೆ ಎಂಬುದು ವಿಜ್ಞಾನಿಗಳ ಅಂದಾಜು.

ಪ್ರಾಣಿಗೂ ಪಾಚಿಗೂ ಇರುವ ಈ ಒಡಂಬಡಿಕೆ ಅತಿ ನಾಜೂಕಿನದು. ಬೇಸಗೆಯ ಪರಮಾವಧಿ ಉಷ್ಣತೆಗಿಂತ ಒಂದು ಡಿಗ್ರಿ ಸೆಲ್ಸಿಯಸ್ ಹೆಚ್ಚಾಗಿ, ಆ ತಾಪ ಕೆಲವು ವಾರ ಇಳಿಯದೆ ನಿಂತರೆ, ಹವಳವು ತನ್ನ ಪಾಚಿಯನ್ನು ಹೊರದೂಡಿ ಬಿಳಿಚಿಕೊಳ್ಳುತ್ತದೆ. ನೀರು ಬೇಗನೆ ತಂಪಾದರೆ ಚೇತರಿಸಿಕೊಳ್ಳುತ್ತದೆ, ಇಲ್ಲವಾದರೆ ಹಸಿದು ಸಾಯುತ್ತದೆ. 1998ರಲ್ಲಿ ಜಗತ್ತಿನ ಕಡಲುಗಳಲ್ಲೆಲ್ಲ ಹೀಗಾಯಿತು. 2010ರಲ್ಲಿ ಮತ್ತೊಮ್ಮೆ ಆಯಿತು. 2014ರಿಂದ 2017ರ ವರೆಗೆ ಬಿಡುವಿಲ್ಲದಂತೆ ಆಯಿತು. ನಾಲ್ಕನೆಯ ಜಾಗತಿಕ ಬಿಳಿಚುವಿಕೆ ನಡೆಯುತ್ತಿದೆಯೆಂದು 2024ರ ಏಪ್ರಿಲಿನಲ್ಲಿ ಅಮೆರಿಕದ ಸಾಗರ ಮತ್ತು ವಾಯುಮಂಡಲ ಸಂಸ್ಥೆ ಸಾರಿತು. ಈ ತಾಪದ ಮುಂದೆ ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿಕೊಂಡು ಇಳಿಯುವ ವ್ಯಕ್ತಿ ಮಾಡಬಲ್ಲುದು ಏನೂ ಇಲ್ಲ. ಇದನ್ನು ಮೊದಲೇ ಒಪ್ಪಿಕೊಳ್ಳದೆ ಈ ವಿಷಯವನ್ನು ಚರ್ಚಿಸುವುದು ಆತ್ಮವಂಚನೆಯಾದೀತು.

ಆದರೆ ಹವಳವನ್ನು ಕೊಲ್ಲುವುದು ತಾಪವೊಂದೇ ಅಲ್ಲ. ಮನ್ನಾರ್ ಕೊಲ್ಲಿಯಲ್ಲಿ ಸುಣ್ಣಕ್ಕಾಗಿ ದಶಕಗಳ ಕಾಲ ಹವಳವನ್ನೇ ಅಗೆದು ದೋಣಿದೋಣಿಯಾಗಿ ಸಾಗಿಸಿದರು. ಕಳೆದುಹೋದ ಬಲೆಗಳು ದಿಬ್ಬಕ್ಕೆ ಸುತ್ತಿಕೊಂಡು ಅದನ್ನು ಮುರಿಯುತ್ತವೆ. ಪಾಚಿ ಮೇಯುವ ಗಿಳಿಮೀನುಗಳನ್ನು ಮಿತಿಮೀರಿ ಹಿಡಿದರೆ ಸತ್ತ ಹವಳದ ಮೇಲೆ ಕಳೆಪಾಚಿ ಹಬ್ಬಿ, ಎಳೆಯ ಹವಳ ಕಚ್ಚಿಕೊಳ್ಳಲು ತಾವಿಲ್ಲದಂತಾಗುತ್ತದೆ. ಇನ್ನು ಮಣ್ಣು. ಮಣ್ಣಿನ ಉಪದ್ರವವನ್ನು ಕಳಸದವರಿಗೆ ವಿವರಿಸಬೇಕಾಗಿಲ್ಲ: ಕುದುರೆಮುಖದ ಕಬ್ಬಿಣದ ಅದಿರಿನ ಗಣಿಯು ಸರ್ವೋಚ್ಚ ನ್ಯಾಯಾಲಯದ ತೀರ್ಪಿನಂತೆ 2005ರ ಕೊನೆಗೆ ನಿಲ್ಲುವವರೆಗೂ, ಬೆಟ್ಟದ ಮೈಯನ್ನು ಕೆದಕಿದುದರ ಫಲ ಮಳೆಗಾಲದ ಭದ್ರೆಯಲ್ಲಿ ಹೇಗೆ ಇಳಿದುಬರುತ್ತಿದ್ದಿತೆಂಬುದನ್ನು ನದಿಯ ದಡದಲ್ಲಿ ಗದ್ದೆಯುಳ್ಳವರು ಇಂದಿಗೂ ಹೇಳಬಲ್ಲರು. ನಮ್ಮ ಮಣ್ಣು ಪಡುಗಡಲಿಗೆ ಹೋಗುವುದಿಲ್ಲ, ಸರಿ. ಆದರೆ ಘಟ್ಟದ ಆಚೆಯ ಮೈಯಿಂದ ಇಳಿಯುವ ಹೊಳೆಗಳೆಲ್ಲ ಮುಂಗಾರಿನಲ್ಲಿ ಕರಾವಳಿಯ ನೀರನ್ನು ಕದಡುತ್ತವೆ, ಮತ್ತು ಬೆಳಕನ್ನೇ ಉಣ್ಣುವ ಹವಳಕ್ಕೆ ಕದಡಿದ ನೀರು ಅರ್ಧ ಉಪವಾಸ. ತಾಪದ ಪೆಟ್ಟನ್ನು ತಡೆಯಲಾಗದಿದ್ದರೂ, ಈ ಬಗೆಯ ಸ್ಥಳೀಯ ಬಾಧೆಗಳು ಕಡಮೆಯಾದಲ್ಲಿ ಪೆಟ್ಟು ತಿಂದ ದಿಬ್ಬ ಮತ್ತೆ ಏಳುವ ಸಂಭವವಿದೆ. ಮುಳುಗುವ ಸ್ವಯಂಸೇವಕನ ಕೆಲಸಕ್ಕೆ ಅರ್ಥವಿದ್ದರೆ ಅದು ಈ ಅವಕಾಶದಲ್ಲಿಯೇ ಇದೆ.

1943ರಲ್ಲಿ ಫ್ರಾನ್ಸಿನ ಜಾಕ್ ಕುಸ್ತೋ ಮತ್ತು ಎಮಿಲ್ ಗಾನ್ಯಾಂ ಎಂಬವರು ನೀರಿನಡಿಯಲ್ಲಿ ಉಸಿರಾಡುವ ಸಾಧನವನ್ನು ಸಿದ್ಧಗೊಳಿಸಿದ ಮೇಲೆ ಕಡಲಾಳವು ನೌಕಾಪಡೆಯವರ ಸೊತ್ತಾಗಿ ಉಳಿಯದೆ ಕ್ರಮೇಣ ಸಾಮಾನ್ಯರ ವಿಹಾರಭೂಮಿಯಾಯಿತು. ಆ ವಿಹಾರಿಗಳನ್ನು ವಿಜ್ಞಾನದ ಕೆಲಸಕ್ಕೆ ಹಚ್ಚಬಹುದೆಂಬ ಯೋಚನೆ ಬಲವಾಗಿ ರೂಪುಗೊಂಡುದು 1980ರ ದಶಕದಲ್ಲಿ. 1986ರಲ್ಲಿ ಇಂಗ್ಲೆಂಡಿನಲ್ಲಿ ಆರಂಭವಾದ ಕೋರಲ್ ಕೇ ಕನ್ಸರ್ವೇಶನ್ ಸಂಸ್ಥೆಯು ಸ್ವಯಂಸೇವಕರನ್ನು ಮಧ್ಯ ಅಮೆರಿಕದ ಬೆಲೀಜಿಗೆ ಕರೆದೊಯ್ದು ಅಲ್ಲಿಯ ದಿಬ್ಬಗಳ ನಕ್ಷೆ ಬರೆಯಿಸಿತು. ಹತ್ತು ವರ್ಷಗಳ ತರುವಾಯ, ಸಮುದ್ರಜೀವಿವಿಜ್ಞಾನಿ ಗ್ರೆಗರ್ ಹಾಜ್ಸನ್ ಅವರು ರೀಫ್ ಚೆಕ್ ಎಂಬ ವ್ಯವಸ್ಥೆಯನ್ನು ಸ್ಥಾಪಿಸಿದರು. 1997ರಲ್ಲಿ ನಡೆದ ಅದರ ಪ್ರಥಮ ಸಮೀಕ್ಷೆಯಲ್ಲಿ 31 ದೇಶಗಳ 300ಕ್ಕೂ ಮೇಲ್ಪಟ್ಟ ದಿಬ್ಬಗಳನ್ನು ಹವ್ಯಾಸಿ ಮುಳುಗುಗಾರರು ವಿಜ್ಞಾನಿಗಳ ಮಾರ್ಗದರ್ಶನದಲ್ಲಿ ಪರೀಕ್ಷಿಸಿದರು. ಜನವಸತಿಯಿಂದ ದೂರದಲ್ಲಿವೆ, ಅಕ್ಷತವಾಗಿವೆ ಎಂದು ಎಣಿಸಲಾಗಿದ್ದ ದಿಬ್ಬಗಳಲ್ಲಿ ಕೂಡ ಮುರು ಮೀನು, ಲಾಬ್‌ಸ್ಟರ್ ಮುಂತಾದ ಬೆಲೆಬಾಳುವ ಜೀವಿಗಳು ಹೆಚ್ಚುಕಡಮೆ ಇಲ್ಲವೇ ಇಲ್ಲವೆಂಬುದು ಆ ಎಣಿಕೆಯಿಂದ ಹೊರಬಿದ್ದಿತು. ವೇತನ ಪಡೆಯುವ ವಿಜ್ಞಾನಿಗಳು ಮಾತ್ರ ಮುಳುಗಬೇಕೆಂದಿದ್ದರೆ ಇಷ್ಟು ವಿಶಾಲವಾದ ಚಿತ್ರ ಒಂದೇ ವರ್ಷದಲ್ಲಿ ದೊರೆಯುತ್ತಿರಲಿಲ್ಲವೆಂಬುದರಲ್ಲಿ ಸಂದೇಹವಿಲ್ಲ.

ಆ ವಿಧಾನವನ್ನು ಸ್ವಲ್ಪ ವಿಸ್ತಾರವಾಗಿ ಹೇಳುವುದು ಅವಶ್ಯ. ಏಕೆಂದರೆ ಸ್ವಯಂಸೇವೆಯೆಂದರೆ ಬಣ್ಣಬಣ್ಣದ ಮೀನುಗಳ ನಡುವೆ ತೇಲುವುದೆಂದು ಭಾವಿಸಿದವರ ಭ್ರಮೆ ಇಲ್ಲಿ ಕಳೆಯುತ್ತದೆ. ದಿಬ್ಬದ ಇಳಿಜಾರಿನಲ್ಲಿ, ಒಂದೇ ಆಳದ ರೇಖೆಯನ್ನು ಅನುಸರಿಸಿ, 100 ಮೀಟರ್ ಉದ್ದದ ಅಳತೆಪಟ್ಟಿಯನ್ನು ಹಾಸುತ್ತಾರೆ. ಅದನ್ನು 20 ಮೀಟರಿನ ನಾಲ್ಕು ಭಾಗಗಳಾಗಿ, ನಡುನಡುವೆ 5 ಮೀಟರ್ ಬಿಟ್ಟು, ವಿಂಗಡಿಸುತ್ತಾರೆ. ಮೊದಲ ಜೋಡಿ ಮುಳುಗುಗಾರರು ಪಟ್ಟಿಯ ಇಕ್ಕೆಲಗಳಲ್ಲಿ ಎರಡೂವರೆ ಮೀಟರ್ ಅಗಲದೊಳಗೆ ಬರುವ ನಿಗದಿತ ಜಾತಿಯ ಮೀನುಗಳನ್ನು, ಎಂದರೆ ಚಿಟ್ಟೆಮೀನು, ಗಿಳಿಮೀನು, ಮುರು ಮೊದಲಾದವನ್ನು ಎಣಿಸುತ್ತ ಸಾಗುತ್ತಾರೆ. ಅವರ ಹಿಂದೆ ಬರುವವರು ಲಾಬ್‌ಸ್ಟರ್, ಕಡಲಸೌತೆ, ಹವಳವನ್ನು ತಿನ್ನುವ ಮುಳ್ಳುನಕ್ಷತ್ರ ಇತ್ಯಾದಿಗಳನ್ನು ಬಿರುಕು ಬಿರುಕಿನಲ್ಲಿ ಹುಡುಕುತ್ತಾರೆ. ಕೊನೆಯವರು ಪಟ್ಟಿಯ ಪ್ರತಿ ಅರ್ಧ ಮೀಟರಿಗೆ ಒಂದು ಬಿಂದುವಿನಂತೆ, ಆ ಬಿಂದುವಿನ ಕೆಳಗೆ ಇರುವುದು ಜೀವಂತ ಹವಳವೋ, ಈಚೆಗೆ ಸತ್ತ ಹವಳವೋ, ಪಾಚಿಯೋ, ಬಂಡೆಯೋ, ಮರಳೋ, ಕೆಸರೋ ಎಂಬುದನ್ನು ಸಂಕೇತಾಕ್ಷರಗಳಲ್ಲಿ ಪ್ಲಾಸ್ಟಿಕ್ ಫಲಕದ ಮೇಲೆ ಪೆನ್ಸಿಲಿನಿಂದ ಬರೆದುಕೊಳ್ಳುತ್ತಾರೆ. ನೋಡಲು ಸುಂದರವಾದುದನ್ನು ಬಿಟ್ಟು ಬಿಂದುವಿನ ಕೆಳಗೆ ಇದ್ದುದನ್ನೇ ಬರೆಯಬೇಕು. ಸತ್ತ ಹವಳದ ತುಂಡಿನ ಪಕ್ಕದಲ್ಲಿ ಎಂತಹ ಕಡಲಾಮೆ ಮಲಗಿದ್ದರೂ ತುಂಡನ್ನು ಬರೆದು ಮುಂದೆ ಸರಿಯಬೇಕು. ಆಸ್ಟ್ರೇಲಿಯದ ಕ್ವೀನ್ಸ್‌ಲೆಂಡ್ ವಿಶ್ವವಿದ್ಯಾಲಯದವರು 2002ರಿಂದ ಪ್ರಚಾರಕ್ಕೆ ತಂದ ಕೋರಲ್‌ವಾಚ್ ಎಂಬ ಕ್ರಮ ಇದಕ್ಕಿಂತ ಸರಳ: ಬಣ್ಣದ ಛಾಯೆಗಳನ್ನು ಮುದ್ರಿಸಿದ ಚೀಟಿಯೊಂದನ್ನು ಹವಳದ ಪಕ್ಕದಲ್ಲಿ ಹಿಡಿದು, ಅದು ಎಷ್ಟರಮಟ್ಟಿಗೆ ಬಿಳಿಚಿದೆಯೆಂದು ಗುರುತಿಸುವುದು.

ಇಂತಹ ಅಂಕಿಗಳನ್ನು ನಂಬಬಹುದೇ ಎಂಬ ಆಕ್ಷೇಪವನ್ನು ಪಂಡಿತರು ಎತ್ತದೆ ಇರಲಿಲ್ಲ. ಬೆಲೀಜಿನ ಸ್ವಯಂಸೇವಕರ ಬರಹಗಳನ್ನು ಪರೀಕ್ಷಿಸಿ 1995ರಲ್ಲಿ ಪ್ರಕಟಿಸಿದ ವಿಮರ್ಶೆಯಿಂದ ಮೊದಲ್ಗೊಂಡು ನಡೆದ ಚರ್ಚೆಯ ಸಾರ ಸ್ಥೂಲವಾಗಿ ಇಷ್ಟು: ಸುಲಭವಾಗಿ ಗುರುತಿಸಬಹುದಾದ ಗುಂಪುಗಳನ್ನು, ಚೆನ್ನಾಗಿ ತರಬೇತಿ ಹೊಂದಿದ ಹವ್ಯಾಸಿಯು ತೃಪ್ತಿಕರವಾಗಿ ಎಣಿಸಬಲ್ಲನು, ಜಾತಿ ಉಪಜಾತಿಗಳ ಸೂಕ್ಷ್ಮಕ್ಕೆ ಇಳಿದರೆ ಎಡವುತ್ತಾನೆ. ಆದುದರಿಂದಲೇ ರೀಫ್ ಚೆಕ್ ಹವಳದ ನೂರಾರು ಜಾತಿಗಳ ಗೊಡವೆಗೆ ಹೋಗದೆ ‘ಗಟ್ಟಿ ಹವಳ’ ಎಂಬ ಒಂದೇ ಶೀರ್ಷಿಕೆಯನ್ನಿಟ್ಟುಕೊಂಡಿತು. ಪ್ರಶ್ನೆಯನ್ನು ಉತ್ತರಿಸುವವನ ಅಳವಿಗೆ ತಕ್ಕಂತೆ ಕತ್ತರಿಸಿದ ಈ ವಿವೇಕವನ್ನು ಮೆಚ್ಚಬೇಕು.

ಎಣಿಸುವವರಿಗಿಂತ ನೆಡುವವರಿಗೆ ಇಂದು ಕೀರ್ತಿ ಹೆಚ್ಚು. ಮುರಿದ ಕೊಂಬೆಗಳನ್ನು ಸಂಗ್ರಹಿಸಿ, ನೀರಿನಡಿಯ ಚೌಕಟ್ಟುಗಳಿಗೆ ಕಟ್ಟಿ ಬೆಳೆಸಿ, ಬಂಡೆಗೆ ಅಂಟಿಸುವ ಈ ವಿಧಾನವನ್ನು ಅಮೆರಿಕದ ಫ್ಲಾರಿಡಾದಲ್ಲಿ ಕೆನ್ ನೆಡಿಮಯರ್ ಅವರು 2007ರಲ್ಲಿ ಆರಂಭಿಸಿದ ಕೋರಲ್ ರೆಸ್ಟೊರೇಶನ್ ಫೌಂಡೇಶನ್ ಪ್ರಸಿದ್ಧಿಗೆ ತಂದಿತು; ನಮ್ಮ ದೇಶದಲ್ಲಿ ತೂತ್ತುಕುಡಿಯ ಸುಗಂತಿ ದೇವದಾಸನ್ ಸಾಗರ ಸಂಶೋಧನಾ ಸಂಸ್ಥೆಯು ಅದಕ್ಕೂ ಮೊದಲೇ, 2002ರಿಂದ, ಮನ್ನಾರ್ ಕೊಲ್ಲಿಯಲ್ಲಿ ಹವಳದ ನಾಟಿಯನ್ನು ಕೈಗೊಂಡಿತ್ತು. ಕೆಲಸ ಕಣ್ಣಿಗೆ ಕಾಣತಕ್ಕುದು, ಛಾಯಾಚಿತ್ರಕ್ಕೆ ಒದಗತಕ್ಕುದು, ಹೆಸರಿಟ್ಟು ದತ್ತು ಕೊಡಲು ಬರತಕ್ಕುದು. ಆದುದರಿಂದ ಸ್ವಯಂಸೇವಕರು ಅದರತ್ತ ಮುಗಿಬೀಳುವುದು ಆಶ್ಚರ್ಯವಲ್ಲ. ಆದರೆ 2020ರಲ್ಲಿ ಪ್ರಕಟವಾದ ಒಂದು ವಿಸ್ತೃತ ಸಮೀಕ್ಷೆಯು ಜಗತ್ತಿನ ಇಂತಹ ಪ್ರಯತ್ನಗಳನ್ನು ಒಟ್ಟುಗೂಡಿಸಿ ನೋಡಿದಾಗ, ಅರ್ಧಕ್ಕಿಂತ ಹೆಚ್ಚಿನವು 18 ತಿಂಗಳಿನೊಳಗೆ ನಿಗಾವಣೆಯನ್ನೇ ನಿಲ್ಲಿಸಿದ್ದುವೆಂದೂ, ಪುನಃಸ್ಥಾಪಿತ ಪ್ರದೇಶದ ವಿಸ್ತೀರ್ಣ ಸಾಮಾನ್ಯವಾಗಿ 100 ಚದರ ಮೀಟರಿನಷ್ಟೆಂದೂ ತಿಳಿದುಬಂದಿತು. ಒಂದು ಕಾಫಿ ಕಣಕ್ಕೂ ಸಾಲದ ಜಾಗವದು! 2023ರ ಬೇಸಗೆಯಲ್ಲಿ ಫ್ಲಾರಿಡಾದ ಕಡಲು ಅಸಾಧಾರಣವಾಗಿ ಕಾದಾಗ, ವರ್ಷಗಟ್ಟಲೆ ಸಾಕಿದ ಸಸಿಗಳನ್ನು ಅದೇ ಸ್ವಯಂಸೇವಕರೂ ಕಾರ್ಯಕರ್ತರೂ ತರಾತುರಿಯಲ್ಲಿ ಕಿತ್ತು ದಡದ ತೊಟ್ಟಿಗಳಿಗೆ ಸಾಗಿಸಬೇಕಾಯಿತು. ಸಾಗಿಸಲಾಗದೆ ಉಳಿದವುಗಳಲ್ಲಿ ಬಹಳಷ್ಟು ಸತ್ತುವು. ನಾಟಿಯನ್ನು ನಿರರ್ಥಕವೆಂದು ನಾವು ಹೇಳುತ್ತಿಲ್ಲ. ಅಳಿವಿನ ಅಂಚಿಗೆ ಬಂದ ಜಾತಿಯೊಂದರ ಬೀಜವನ್ನು ಉಳಿಸಿಕೊಳ್ಳುವಲ್ಲಿ ಅದಕ್ಕೆ ಸ್ಥಾನವಿದೆ. ಅದರಿಂದ ದಿಬ್ಬಗಳೇ ಉಳಿದುವೆಂದು ಹೇಳಿ ಹಣವನ್ನೂ ಜನರನ್ನೂ ಕೂಡಿಸುವುದು ಮಾತ್ರ ಪ್ರಾಮಾಣಿಕವಲ್ಲ.

ಮುಳುಗುಗಾರನಿಂದ ಹವಳಕ್ಕೆ ಆಗುವ ಕೆಡುಕಿನ ಲೆಕ್ಕವೂ ಉಂಟು. ನೀರಿನಲ್ಲಿ ಮೇಲೇಳದೆ, ಕೆಳಗಿಳಿಯದೆ, ಉಸಿರಿನ ಹಿಡಿತದಿಂದಲೇ ನಿಂತಲ್ಲಿ ನಿಲ್ಲುವ ಕಲೆ ಕೆಲವು ದಿನಗಳ ಶಿಕ್ಷಣದಿಂದ ಕೈವಶವಾಗುವುದಿಲ್ಲ. ಅದನ್ನು ಕಲಿಯದವನು ಕಾಲಿನ ರೆಕ್ಕೆಯಿಂದ ಮರಳನ್ನು ಎಬ್ಬಿಸಿ ಹವಳದ ಮೇಲೆ ಸುರಿಯುತ್ತಾನೆ, ತೋಲ ತಪ್ಪಿದಾಗ ಮೊದಲು ಸಿಕ್ಕಿದ ಕೊಂಬೆಯನ್ನು ಹಿಡಿಯುತ್ತಾನೆ. ಕ್ಯಾಮರಾ ಕೈಯಲ್ಲಿದ್ದರಂತೂ ದೇಹದ ಪರಿವೆಯೇ ಅವನಿಗೆ ಇರುವುದಿಲ್ಲ. ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮದ ನೆರವಿನಿಂದ 2004ರಲ್ಲಿ ಥಾಯ್‌ಲೆಂಡಿನಲ್ಲಿ ಆರಂಭವಾದ ಗ್ರೀನ್ ಫಿನ್ಸ್ ಎಂಬ ಆಚಾರಸಂಹಿತೆಯು ಈ ದೋಷಗಳನ್ನು ತಿದ್ದುವುದಕ್ಕಾಗಿಯೇ ಹುಟ್ಟಿದುದು. ನಮ್ಮ ದೇಶದಲ್ಲಿ ಇದು ಶಿಷ್ಟಾಚಾರದ ಮಾತಷ್ಟೇ ಅಲ್ಲ, ಕಾನೂನಿನ ಮಾತೂ ಹೌದು. ದಿಬ್ಬ ಕಟ್ಟುವ ಹವಳಗಳನ್ನು 2001ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೊದಲನೆಯ ಅನುಸೂಚಿಗೆ ಸೇರಿಸಿದ ಮೇಲೆ, ಅವುಗಳಿಗೆ ಹುಲಿಗೆ ಇರುವಷ್ಟೇ ರಕ್ಷಣೆಯುಂಟು. ಅನುಮತಿಯಿಲ್ಲದೆ ಕೊಂಬೆಯೊಂದನ್ನು ಮುರಿದು ಇನ್ನೊಂದೆಡೆ ನೆಡುವ ಪರೋಪಕಾರಿಯು ಕಾಯಿದೆಯ ದೃಷ್ಟಿಯಲ್ಲಿ ಅಪರಾಧಿಯೇ.

ಕನ್ನಡಿಗರು ಈ ವಿಷಯದಲ್ಲಿ ಪರಕೀಯರಲ್ಲವೆಂಬುದಕ್ಕೆ ಇತಿಹಾಸದ ಒಂದು ಪುಟವನ್ನು ತಿರುವಬಹುದು. ಇಂದು ಲಕ್ಷದ್ವೀಪದಲ್ಲಿ ಸೇರಿರುವ ಅಮಿನಿ, ಕಡಮತ್, ಕಿಲ್ತಾನ್, ಚೆತ್ಲತ್, ಬಿತ್ರ ಎಂಬ ಅಮಿನ್‌ದಿವಿ ದ್ವೀಪಗಳು ಟೀಪು ಸುಲ್ತಾನನ ಪತನಾನಂತರ ದಕ್ಷಿಣ ಕನ್ನಡ ಜಿಲ್ಲೆಗೆ ಒಳಪಟ್ಟು, ಮಂಗಳೂರಿನ ಕಲೆಕ್ಟರನ ಆಡಳಿತದಲ್ಲಿದ್ದುವು. ಅಲ್ಲಿಯ ತೆಂಗಿನ ನಾರು ಮಂಗಳೂರಿಗೆ ಬಂದು, ಅದಕ್ಕೆ ಬದಲಾಗಿ ಅಕ್ಕಿ ದ್ವೀಪಕ್ಕೆ ಹೋಗುತ್ತಿದ್ದಿತು. ಕನ್ನಡ ನಾಡು ಒಂದಾದ 1956ರ ನವೆಂಬರ್ 1ನೆಯ ತಾರೀಖಿನಂದೇ ಕಾಸರಗೋಡು ಕೇರಳಕ್ಕೆ ಸಂದಿತು, ಈ ದ್ವೀಪಗಳು ಕೇಂದ್ರಾಡಳಿತಕ್ಕೆ ಸಂದುವು. ಕಾಸರಗೋಡಿಗಾಗಿ ನಾವು ಮರುಗಿದೆವು; ಹವಳದ ದ್ವೀಪಗಳು ಕೈಬಿಟ್ಟುದನ್ನು ಗಮನಿಸಿದವರೂ ವಿರಳ.

ಆದರೆ ಲಕ್ಷದ್ವೀಪದ ಹವಳವನ್ನು ಅತಿ ದೀರ್ಘಕಾಲ ಗಮನಿಸುತ್ತ ಬಂದ ಸಂಸ್ಥೆ ಮೈಸೂರಿನದೆಂಬುದು ಸಮಾಧಾನದ ಸಂಗತಿ. ಮೈಸೂರಿನ ನೇಚರ್ ಕನ್ಸರ್ವೇಶನ್ ಫೌಂಡೇಶನ್ನಿನ ರೋಹನ್ ಆರ್ಥರ್ ಮತ್ತು ಅವರ ಸಹೋದ್ಯೋಗಿಗಳು 1998ರ ಬಿಳಿಚುವಿಕೆಯಿಂದಾರಂಭಿಸಿ ಅಗತ್ತಿ, ಕಡಮತ್, ಕವರತ್ತಿಗಳ ದಿಬ್ಬಗಳಲ್ಲಿ ಮತ್ತೆ ಮತ್ತೆ ಮುಳುಗಿ, ಜೀವಂತ ಹವಳದ ವ್ಯಾಪ್ತಿಯು 24 ವರ್ಷಗಳಲ್ಲಿ ಸುಮಾರು ಶೇಕಡ 37ರಿಂದ 19ರ ಸುತ್ತಿಗೆ ಇಳಿದುದನ್ನು ದಾಖಲಿಸಿದ್ದಾರೆ. ಮೊದಲ ಪೆಟ್ಟಿನಿಂದ ದಿಬ್ಬಗಳು ಚೇತರಿಸಿಕೊಂಡುವು. ದ್ವೀಪದವರು ಹೊರಗಡಲಿನ ಟ್ಯೂನಾ ಮೀನನ್ನು ಗಾಳದಿಂದ ಹಿಡಿಯುತ್ತಿದ್ದುದರಿಂದ ದಿಬ್ಬದ ಮೇಯುವ ಮೀನುಗಳು ಉಳಿದುಕೊಂಡಿದ್ದುದು ಆ ಚೇತರಿಕೆಗೆ ಸಹಕಾರಿಯಾಯಿತೆಂದು ಬಲ್ಲವರು ಹೇಳುತ್ತಾರೆ. ಶೃಂಗೇರಿಯ ತುಂಗೆಯಲ್ಲಿಯೂ ಶಿಶಿಲದ ಕಪಿಲೆಯಲ್ಲಿಯೂ ಊರವರೇ ಮೀನಿಗೆ ಕೈಹಚ್ಚದೆ ಕಾಯ್ದುಕೊಂಡು ಬಂದಿರುವುದನ್ನು ಕಂಡವರಿಗೆ, ಜಲಚರದ ರಕ್ಷಣೆ ಹಲವೊಮ್ಮೆ ನೀರಿಗಿಳಿಯದವರಿಂದಲೇ ಆಗುತ್ತದೆಯೆಂಬುದು ಹೊಸ ಮಾತಲ್ಲ. ಆದರೆ ಪೆಟ್ಟುಗಳ ನಡುವಣ ಬಿಡುವು ಕಡಮೆಯಾದಂತೆ ಚೇತರಿಕೆಯೂ ಕುಂದಿತು. ಈ ಸತ್ಯ ತಿಳಿದುಬಂದುದು ಒಂದು ಮುಳುಗಿನಿಂದಲ್ಲ, ಒಂದೇ ಸ್ಥಳಕ್ಕೆ ಕಾಲು ಶತಮಾನ ಹಿಂದಿರುಗಿದುದರಿಂದ.

ನಮ್ಮ ಸೀಮೆಯ ಹಳೆಯ ತೋಟಗಳಲ್ಲಿ ಮಳೆಯ ಪುಸ್ತಕವೆಂಬುದೊಂದು ಇರುತ್ತದೆ. ಪ್ರತಿದಿನ ಬೆಳಗ್ಗೆ ಅಳತೆಯ ಪಾತ್ರೆಯ ನೀರನ್ನು ನೋಡಿ, ಇಂಚು ಸೆಂಟುಗಳಲ್ಲಿ ಬರೆದಿಟ್ಟ ಆ ಪುಸ್ತಕವನ್ನು ಅಜ್ಜ ಆರಂಭಿಸಿ, ತಂದೆ ಮುಂದುವರಿಸಿ, ಮಗ ಕೈಗೆತ್ತಿಕೊಂಡ ಮನೆಗಳುಂಟು. ಹೂಮಳೆ ಯಾವ ವರ್ಷ ಎಷ್ಟು ತಡವಾಯಿತೆಂಬ ಪ್ರಶ್ನೆಗೆ ಅದೇ ಪ್ರಮಾಣ. ಬರೆದವರಾರೂ ಹವಾಮಾನಶಾಸ್ತ್ರಜ್ಞರಲ್ಲ. ಅವರು ಮಳೆಯನ್ನು ಒಂದು ಸೆಂಟಿನಷ್ಟೂ ಹೆಚ್ಚಿಸಲಿಲ್ಲ, ತಗ್ಗಿಸಲಿಲ್ಲ. ಹವಳದ ವಿಷಯದಲ್ಲಿ ಹವ್ಯಾಸಿ ಮುಳುಗುಗಾರನಿಂದ ಸಲ್ಲಬಹುದಾದ ಸೇವೆ ಈ ಬಗೆಯದೆಂಬುದೇ ನಮ್ಮ ಅಭಿಪ್ರಾಯ. ಮತ್ತು ಈ ಅಭಿಪ್ರಾಯ ಸರಿಯಾದರೆ, ಸಾವಿರಾರು ಮೈಲಿ ವಿಮಾನದಲ್ಲಿ ಹಾರಿ ಇನ್ನೊಬ್ಬರ ದಿಬ್ಬದಲ್ಲಿ ಎರಡು ವಾರ ಮುಳುಗಿಬರುವುದಕ್ಕಿಂತ, ಅದೇ ಹಣದಿಂದ ಹತ್ತಿರದ ದಿಬ್ಬವೊಂದಕ್ಕೆ ಹತ್ತು ವರ್ಷ ಹೋಗಿಬರುವುದು ಮೇಲು.

ಆ ಹತ್ತಿರದ ದಿಬ್ಬ ನೇತ್ರಾಣಿ. ಮುರುಡೇಶ್ವರದಿಂದ ಸುಮಾರು 19 ಕಿಲೋಮೀಟರ್ ದೂರದಲ್ಲಿ ಕಡಲಿನಿಂದ ಕಡಿದಾಗಿ ಎದ್ದಿರುವ, ಕಾಡು ಮುಚ್ಚಿದ ಈ ನಡುಗಡ್ಡೆ ಲಕ್ಷದ್ವೀಪದಂತೆ ಹವಳದಿಂದಲೇ ಆದುದಲ್ಲ. ಬಂಡೆಯ ಇಳಿಜಾರಿನ ಮೇಲೆ ಹವಳ ಹಬ್ಬಿಕೊಂಡಿದೆ. ಮೀನುಗಾರರು ಹರಕೆಯ ಆಡುಗಳನ್ನು ಅಲ್ಲಿ ಬಿಟ್ಟುಬರುವ ಪದ್ಧತಿಯುಂಟು. ಬಿಳಿಹೊಟ್ಟೆಯ ಕಡಲಹದ್ದು ಅಲ್ಲಿ ಗೂಡು ಕಟ್ಟುತ್ತದೆ. ನೌಕಾಪಡೆಯು ಈ ದ್ವೀಪವನ್ನು ಗುರಿಯ ಅಭ್ಯಾಸಕ್ಕೆ ಬಳಸುತ್ತ ಬಂದುದರ ವಿರುದ್ಧ ಪರಿಸರಾಸಕ್ತರು ಎತ್ತಿದ ಧ್ವನಿ ಉಚ್ಚ ನ್ಯಾಯಾಲಯದವರೆಗೂ ಹೋಯಿತು. ಕೇಂದ್ರೀಯ ಸಾಗರ ಮೀನುಗಾರಿಕೆ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ಇಲ್ಲಿ ಮುಳುಗಿ 2008ರಲ್ಲಿ ಪ್ರಕಟಿಸಿದ ಸಮೀಕ್ಷೆಯಲ್ಲಿ ಹವಳವನ್ನಾಶ್ರಯಿಸಿದ ಎಂಬತ್ತಕ್ಕೂ ಹೆಚ್ಚಿನ ಜಾತಿಯ ಮೀನುಗಳಿವೆ. ಅಲ್ಲಿಂದೀಚೆಗೆ ಪ್ರತಿವರ್ಷ ಅಕ್ಟೋಬರಿನಿಂದ ಮೇ ವರೆಗೆ ದೋಣಿದೋಣಿಯಾಗಿ ಪ್ರವಾಸಿಗರು ಅದೇ ನೀರಿಗೆ ಇಳಿಯುತ್ತಿದ್ದಾರೆ. ಬೋಧಕನ ಕೈ ಹಿಡಿದು ಕಾಲು ಗಂಟೆಯೋ ಅರ್ಧ ಗಂಟೆಯೋ ಮುಳುಗಿ, ವಿಡಿಯೋ ತೆಗೆಯಿಸಿಕೊಂಡು ಮರಳುವ ಈ ಜನದಿಂದ ಎಣಿಕೆಯ ಕೆಲಸ ಆಗದು, ಆಗಬೇಕಾಗಿಯೂ ಇಲ್ಲ. ಆದರೆ ಅವರನ್ನು ಕರೆದೊಯ್ಯುವ ಬೋಧಕರು ಋತುವಿಡೀ ಅದೇ ಬಂಡೆಗಳ ಬಳಿ ಇರುವವರು. ಯಾವ ಬಿರುಕಿನಲ್ಲಿ ಯಾವ ಮೀನು ಇದ್ದಿತು, ಎಂದಿನಿಂದ ಇಲ್ಲ ಎಂಬುದನ್ನು ಅವರಷ್ಟು ಬಲ್ಲವರಿಲ್ಲ. ಬಲ್ಲುದನ್ನು ಬರೆದಿಡುವ ಏರ್ಪಾಡೇ ಅಲ್ಲಿ ಮುಖ್ಯವಾಗಿ ಬೇಕಾದುದು.

ಕರಾವಳಿಯ ಜನಕ್ಕೆ ಮುಳುಗುವ ಸ್ವಯಂಸೇವಕನ ಕಲ್ಪನೆ ಅಪರಿಚಿತವಲ್ಲ. 2024ರ ಜುಲೈಯಲ್ಲಿ ಅಂಕೋಲೆಯ ಶಿರೂರಿನಲ್ಲಿ ಗುಡ್ಡ ಕುಸಿದಾಗ ಗಂಗಾವಳಿಯ ಪ್ರವಾಹದಲ್ಲಿ ಇಳಿದು ಹುಡುಕಿದ ಈಶ್ವರ್ ಮಲ್ಪೆಯವರನ್ನು ನಾಡೆಲ್ಲ ಬಲ್ಲದು. ಶವವನ್ನು ಅರಸಿ ಕೂಲಿಯಿಲ್ಲದೆ ನೀರಿಗಿಳಿಯುವ ಎದೆಗಾರಿಕೆ ಇರುವ ಜನರ ನಡುವೆ, ಕಡಲಿನ ಬಲೆಯನ್ನು ಬಿಡಿಸುವುದಕ್ಕೂ ಹವಳವನ್ನು ಎಣಿಸುವುದಕ್ಕೂ ಆಳುಗಳನ್ನು ಹೊರಗಿನಿಂದ ತರಿಸಬೇಕಾಗಿಲ್ಲ. ಮಂಗಳೂರಿನಲ್ಲಿ 1969ರಿಂದ ಮೀನುಗಾರಿಕಾ ಕಾಲೇಜು ಇದೆ, ಕಾರವಾರದಲ್ಲಿ ಕರ್ನಾಟಕ ವಿಶ್ವವಿದ್ಯಾಲಯದ ಸಾಗರ ಜೀವವಿಜ್ಞಾನ ವಿಭಾಗವಿದೆ. ಎಣಿಕೆಯ ಪುಸ್ತಕವನ್ನು ಕಾಪಾಡುವ ಹೊಣೆಯನ್ನು ಇವುಗಳಲ್ಲೊಂದು ವಹಿಸಿಕೊಳ್ಳಬಹುದು. ಋತು ತೆರೆಯುವ ಅಕ್ಟೋಬರಿನಲ್ಲಿ, ಮುಂಗಾರಿನ ಕದಡು ತಿಳಿಯಾದ ಕೂಡಲೇ ಒಂದು ಎಣಿಕೆ. ಮೇ ತಿಂಗಳಲ್ಲಿ, ನೀರು ಅತಿ ಬೆಚ್ಚಗಾಗಿ ದೋಣಿಗಳು ನಿಲ್ಲುವ ಮುನ್ನ ಇನ್ನೊಂದು. ಅರಣ್ಯ ಇಲಾಖೆಯ ಅನುಮತಿ, ಒಂದು ಅಳತೆಪಟ್ಟಿ, ಕೆಲವು ಫಲಕಗಳು, ಎರಡು ದಿನ ಪ್ರವಾಸಿಗರನ್ನು ಬಿಟ್ಟು ಎಣಿಸುವವರನ್ನು ಕರೆದೊಯ್ಯಲು ಒಪ್ಪುವ ಒಂದು ದೋಣಿ, ಇಷ್ಟು ಒದಗಿದರೆ ಕಳಸದಿಂದ ಹೋದ ಹುಡುಗನೂ ಭಟ್ಕಳದ ಬೋಧಕನೂ ಜೋಡಿಯಾಗಿ ಇಳಿಯಬಹುದು.